ಯಾವ ಪ್ರಶ್ನೆಗೆ ಯಾವ ಸರ್ಚ್? ಕೊಡಗಿನ ಹೊಸ ಬಳಕೆದಾರರಿಗೊಂದು ಹೋಲಿಕೆ

ಕಣದಲ್ಲಿ ರೊಬಸ್ಟಾ ಚೆರಿ ಒಣಗಿದೆ. ಮಾರುವ ಮುಂಚೆ ದರ ನೋಡೋಣ ಎಂದು ಮೊಬೈಲಿನಲ್ಲಿ ‘ರೊಬಸ್ಟಾ ಕಾಫಿ ದರ’ ಎಂದು ಹುಡುಕಿದರೆ ಮೂರು ಬಗೆಯ ಅಂಕಿಗಳು ಎದುರಾಗುತ್ತವೆ. ಒಂದು ಲಂಡನ್ ಮಾರುಕಟ್ಟೆಯದು, ಟನ್ನಿಗೆ ಇಷ್ಟು ಡಾಲರ್ ಎಂದು. ಇನ್ನೊಂದು ಸಿಪ್ಪೆ ತೆಗೆದ ಬೀಜದ್ದು, ಕಿಲೋ ಲೆಕ್ಕದಲ್ಲಿ. ಮತ್ತೊಂದು 50 ಕೆ.ಜಿ. ಚೀಲದ ಚೆರಿಯದು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನದು. ಮೂರೂ ಸುಳ್ಳಲ್ಲ, ಆದರೆ ಕಣದಲ್ಲಿರುವ ಮಾಲಿಗೆ ನೇರವಾಗಿ ಹೊಂದುವುದು ಕೊನೆಯದು ಮಾತ್ರ. ಚೆರಿಯನ್ನು ಹಲ್ ಮಾಡಿದರೆ, ಅಂದರೆ ಸಿಪ್ಪೆ ತೆಗೆದರೆ, ತೂಕದಲ್ಲಿ ಸುಮಾರು ಅರ್ಧದಷ್ಟೇ ಬೀಜ ಉಳಿಯುವುದರಿಂದ, ಬೀಜದ ದರವನ್ನು ಚೆರಿಯ ದರವೆಂದು ಓದಿಕೊಂಡವರ ಲೆಕ್ಕ ಅಲ್ಲೇ ತಪ್ಪುತ್ತದೆ. ಹುಡುಕಿದ್ದು ಸರಿ, ಹುಡುಕಿದ ಜಾಗ ಸರಿಯಿರಲಿಲ್ಲ. ಈ ಪ್ರಶ್ನೆಗೆ ಬೇಕಾದದ್ದು ಸಾಮಾನ್ಯ ಸರ್ಚ್ ಅಲ್ಲ, ಕಾಫಿ ಮಂಡಳಿಯ ಜಾಲತಾಣದ ದೈನಂದಿನ ದರಪಟ್ಟಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು ಅಲ್ಲಿ 50 ಕೆ.ಜಿ. ಲೆಕ್ಕದಲ್ಲೇ ಬರೆದಿರುತ್ತಾರೆ.

ಹುಡುಕುವ ಸಾಧನಗಳು ಹಲವು ಬಗೆ. ಯಾವುದು ಎಲ್ಲಿಂದ ಮಾಹಿತಿ ತರುತ್ತದೆ ಎಂದು ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಕ್ರೋಮ್ ಎಂದರೆ ಗೂಗಲ್ ಸರ್ಚ್ ಎಂದು ಹೊಸಬರು ಭಾವಿಸುವುದುಂಟು. ಕ್ರೋಮ್, ಫೈರ್‌ಫಾಕ್ಸ್ ಇವು ಬ್ರೌಸರ್‌ಗಳು, ಅಂದರೆ ಪುಟಗಳನ್ನು ತೆರೆದು ತೋರಿಸುವ ಆ್ಯಪ್‌ಗಳು. ಗೂಗಲ್, ಬಿಂಗ್, ಡಕ್‌ಡಕ್‌ಗೋ ಇವು ಸರ್ಚ್ ಎಂಜಿನ್‌ಗಳು. ಕ್ರೋಮ್ ಒಳಗೇ ಬೇರೆ ಸರ್ಚ್ ಎಂಜಿನ್ ಇಟ್ಟುಕೊಳ್ಳಬಹುದು: ಮೂಲೆಯ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ‘ಸರ್ಚ್ ಎಂಜಿನ್’ ಎಂಬಲ್ಲಿ ಬೇಕಾದ್ದನ್ನು ಆರಿಸಿದರೆ ಆಯಿತು.

ನೀವು ಹುಡುಕು ಎಂದು ಒತ್ತಿದಾಗ ಸರ್ಚ್ ಎಂಜಿನ್ ಆ ಕ್ಷಣ ಊರೆಲ್ಲ ಓಡಾಡಿ ಬರುವುದಿಲ್ಲ. ಅದರ ಕ್ರಾಲರ್ ಎಂಬ ತಂತ್ರಾಂಶ ಮೊದಲೇ ಕೋಟ್ಯಂತರ ಪುಟಗಳನ್ನು ಓದಿ, ಪುಸ್ತಕದ ಕೊನೆಯ ಪದಸೂಚಿಯಂತೆ ಒಂದು ದೊಡ್ಡ ಸೂಚಿ ಮಾಡಿಟ್ಟಿರುತ್ತದೆ. ನಿಮಗೆ ಸಿಗುವುದು ಆ ಸೂಚಿಯಲ್ಲಿ ಇರುವುದಷ್ಟೆ. ಕ್ರಾಲರ್ ಕಾಲಿಡದ ಪುಟ, ಲಾಗಿನ್ ಬೇಡುವ ಪುಟ, ಫಾರ್ಮ್ ತುಂಬಿದ ಮೇಲೆ ಹುಟ್ಟುವ ಪುಟ ಯಾವುದೂ ಅದರಲ್ಲಿ ಇರುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓದಿದ ಸುದ್ದಿ ಗೂಗಲ್‌ನಲ್ಲಿ ಸಿಗಲಿಲ್ಲ ಎಂದು ಬೇಸರಿಸುವವರಿಗೆ ಉತ್ತರ ಇದೇ.

ಸಾಮಾನ್ಯ ಸರ್ಚ್ ಎಂಜಿನ್‌ಗಳು: ಯಾವುದು ಯಾರಿಗೆ

1998ರಲ್ಲಿ ಶುರುವಾದ ಗೂಗಲ್‌ಗೆ ಕನ್ನಡದ ಮಟ್ಟಿಗೆ ಈಗಲೂ ಮೊದಲ ಸ್ಥಾನ ಕೊಡಬೇಕು. ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯವನ್ನು ಅದು 2017ರಲ್ಲೇ ಕೊಟ್ಟಿತು, ಸ್ಥಳೀಯ ಅಂಗಡಿ, ರಸ್ತೆ, ಆಸ್ಪತ್ರೆಗಳ ವಿವರ ನಕ್ಷೆಯ ಜೊತೆ ಬರುತ್ತದೆ. ಮೈಕ್ರೋಸಾಫ್ಟ್‌ನ ಬಿಂಗ್ 2009ರದು, ಅದಕ್ಕೆ ತನ್ನದೇ ಸೂಚಿ ಇದೆ. ಗೂಗಲ್‌ನಲ್ಲಿ ಸಿಗದ ಹಳೆಯ ಪುಟವೊಂದು ಬಿಂಗ್‌ನಲ್ಲಿ ಸಿಗುವುದು ಅಪರೂಪವೇನಲ್ಲ. ಡಕ್‌ಡಕ್‌ಗೋ ನಿಮ್ಮ ಹುಡುಕಾಟದ ಇತಿಹಾಸ ಇಟ್ಟುಕೊಳ್ಳುವುದಿಲ್ಲ, ಆದರೆ ಅದರ ಫಲಿತಾಂಶ ಬಹುಪಾಲು ಬಿಂಗ್‌ನಿಂದ ಬರುತ್ತದೆ. ಸ್ಟಾರ್ಟ್‌ಪೇಜ್ ನಿಮ್ಮ ಗುರುತು ತೆಗೆದುಹಾಕಿ ಗೂಗಲ್‌ನಿಂದ ಫಲಿತಾಂಶ ತಂದುಕೊಡುತ್ತದೆ. ಬ್ರೇವ್ ಸರ್ಚ್ ತನ್ನದೇ ಸೂಚಿ ಕಟ್ಟಿಕೊಂಡಿದೆ.

ಇದನ್ನು ತಿಳಿದಿರುವುದರ ಲಾಭ ಹೀಗೆ. ಬಿಂಗ್‌ನಲ್ಲಿ ಸಿಗದ್ದನ್ನು ಡಕ್‌ಡಕ್‌ಗೋದಲ್ಲಿ ಹುಡುಕುವುದು ಒಂದೇ ಬಾವಿಗೆ ಎರಡು ಸಲ ಕೊಡ ಇಳಿಸಿದಂತೆ. ಎರಡನೇ ಅಭಿಪ್ರಾಯ ಬೇಕಾದರೆ ಗೂಗಲ್ ಆದಮೇಲೆ ಬಿಂಗ್ ಅಥವಾ ಬ್ರೇವ್ ನೋಡಿ. ಕಾಯಿಲೆ, ಸಾಲ, ಕೋರ್ಟು ಇಂಥ ಖಾಸಗಿ ವಿಷಯವಾದರೆ ಡಕ್‌ಡಕ್‌ಗೋ ಅಥವಾ ಸ್ಟಾರ್ಟ್‌ಪೇಜ್ ಒಳ್ಳೆಯದು. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿ ಈ ಕೆಲಸ ಮಾಡುವುದಿಲ್ಲ. ಅದು ನಿಮ್ಮ ಫೋನಿನಲ್ಲಿ ಇತಿಹಾಸ ಉಳಿಯದಂತೆ ನೋಡಿಕೊಳ್ಳುತ್ತದೆ ಅಷ್ಟೆ, ಸರ್ಚ್ ಕಂಪನಿಗೂ ಇಂಟರ್ನೆಟ್ ಕೊಡುವ ಕಂಪನಿಗೂ ಕಾಣುವುದು ಕಾಣುತ್ತಲೇ ಇರುತ್ತದೆ.

ಕನ್ನಡದಲ್ಲಿ ಹುಡುಕುವಾಗ ಎಲ್ಲಿ ಎಡವುತ್ತೇವೆ

ಕನ್ನಡದ ಪದಕ್ಕೆ ವಿಭಕ್ತಿ ಸೇರಿದ ಕೂಡಲೇ ಅದರ ರೂಪ ಬದಲಾಗುತ್ತದೆ. ಮೆಣಸು, ಮೆಣಸಿನ, ಮೆಣಸಿಗೆ ಎಲ್ಲವೂ ಒಂದೇ ಎಂದು ನಮಗೆ ಗೊತ್ತು, ಯಂತ್ರಕ್ಕೆ ಎಲ್ಲ ಸಲವೂ ಗೊತ್ತಾಗುವುದಿಲ್ಲ. ಆದ್ದರಿಂದ ‘ನಮ್ಮ ಮೆಣಸಿನ ಬಳ್ಳಿಗೆ ಬಂದಿರುವ ರೋಗಕ್ಕೆ ಏನು ಮಾಡಬೇಕು’ ಎಂದು ಬರೆಯುವ ಬದಲು ‘ಕರಿಮೆಣಸು ಸೊರಗು ರೋಗ ಬೋರ್ಡೋ’ ಎಂದು ಮೂಲರೂಪದ ನಾಲ್ಕು ಪದ ಕೊಡಿ (ಬೋರ್ಡೋ ಎಂದರೆ ಮೈಲುತುತ್ತು, ಸುಣ್ಣ ಬೆರೆಸಿದ ರೋಗನಾಶಕ ದ್ರಾವಣ). ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಕನ್ನಡದಲ್ಲಿ ಹುತ್ತರಿ ಎಂದದ್ದು ಕೊಡವ ತಕ್ಕ್‌ನಲ್ಲಿ ಪುತ್ತರಿ. ಕೊಡವದಲ್ಲಿ ಮದ್ದ್ ತೊಪ್ಪ್ ಎಂದದ್ದು ಕನ್ನಡದಲ್ಲಿ ಮದ್ದು ಸೊಪ್ಪು, ಅರೆಭಾಷೆಯವರ ಬಾಯಲ್ಲಿ ಆಟಿ ಸೊಪ್ಪು. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಕೊಡಗು ಕೂರ್ಗ್, ಮಡಿಕೇರಿ ಮರ್ಕೆರಾ, ಕುಶಾಲನಗರ ಫ್ರೇಸರ್‌ಪೇಟೆ. 1956ರ ನವೆಂಬರ್ 1ಕ್ಕೆ ಮುಂಚಿನ, ಅಂದರೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದ ಕಾಗದಪತ್ರ ಬೇಕೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಆ ಹಳೆಯ ಹೆಸರನ್ನೇ ಕೊಡಬೇಕು. ಒಂದೇ ಹೆಸರಿಗೆ ಜೋತುಬಿದ್ದು ‘ಏನೂ ಸಿಗಲಿಲ್ಲ’ ಎಂದು ಕೈಚೆಲ್ಲುವುದಕ್ಕಿಂತ ಹೆಸರು ಬದಲಿಸಿ ಮೂರು ಸಲ ಹುಡುಕಿ. ಕೊಡವ ಪದವನ್ನು ಸರ್ಚ್ ಎಂಜಿನ್ ತಾನಾಗಿ ‘ತಿದ್ದಿ’ ಹತ್ತಿರದ ಕನ್ನಡ ಪದಕ್ಕೆ ಹೊರಳಿಸುವುದೂ ಉಂಟು. ಆಗ ಪದವನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಬರೆದಂತೆಯೇ ಹುಡುಕುತ್ತದೆ.

ಇನ್ನೂ ಒಂದು ಕಾರಣವಿದೆ, ಹೆಚ್ಚಿನವರಿಗೆ ಇದು ಹೊಳೆಯುವುದಿಲ್ಲ. ಹಳೆಯ ಕನ್ನಡ ಪಿಡಿಎಫ್‌ಗಳಲ್ಲಿ ಬಹಳಷ್ಟು ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರಸಂಕೇತಕ್ಕೆ, ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಅಡ್ಡಾದಿಡ್ಡಿ ಲ್ಯಾಟಿನ್ ಅಕ್ಷರಗಳು. ಸರ್ಚ್ ಎಂಜಿನ್ ಓದುವುದು ಒಳಗಿನದನ್ನು. ಪರೀಕ್ಷೆ ಸುಲಭ: ಪಿಡಿಎಫ್‌ನ ಒಂದು ಪದ ಕಾಪಿ ಮಾಡಿ ಸರ್ಚ್ ಬಾಕ್ಸ್‌ನಲ್ಲಿ ಅಂಟಿಸಿ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ಅಂಥ ಕಡತವನ್ನು ಕನ್ನಡ ಪದದಿಂದ ಎಷ್ಟು ಹುಡುಕಿದರೂ ಸಿಗದು. ಆದೇಶ ಸಂಖ್ಯೆ, ದಿನಾಂಕ, ಇಲಾಖೆಯ ಇಂಗ್ಲಿಷ್ ಹೆಸರು ಇವುಗಳಿಂದ ಪ್ರಯತ್ನಿಸಿ.

ನಾಲ್ಕು ಉಪಾಯ ಸಾಕು

ಉದ್ಧರಣ ಚಿಹ್ನೆಯ ವಿಷಯ ಹೇಳಿಯಾಯಿತು. ಎರಡನೆಯದು ಕಳೆಯುವ ಗುರುತು: ‘ಕೊಡಗು ಏಲಕ್ಕಿ’ ಎಂದು ಬರೆದು, ಒಂದು ಜಾಗ ಬಿಟ್ಟು, ಕಳೆಯುವ ಗುರುತಿಗೆ ಅಂಟಿಸಿ ‘ಹೋಂಸ್ಟೇ’ ಎಂದರೆ ಹೋಂಸ್ಟೇ ಜಾಹೀರಾತಿನ ಪುಟಗಳು ದೂರವಾಗುತ್ತವೆ. ಕೊಡಗಿನ ಬಗ್ಗೆ ಏನು ಹುಡುಕಿದರೂ ಪ್ರವಾಸದ ಪುಟಗಳೇ ಮುತ್ತಿಕೊಳ್ಳುವುದರಿಂದ ನಮಗೆ ಇದರಷ್ಟು ಉಪಯೋಗದ್ದು ಬೇರೊಂದಿಲ್ಲ.

ಮೂರನೆಯದು ಒಂದೇ ಜಾಲತಾಣದೊಳಗೆ ಹುಡುಕುವುದು. ಇಂಗ್ಲಿಷ್ ಅಕ್ಷರದಲ್ಲಿ ಎಸ್-ಐ-ಟಿ-ಇ ಎಂದು ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಬರೆಯಿರಿ, ಆಮೇಲೆ ಜಾಗ ಬಿಟ್ಟು ವಿಷಯ. ವಿಳಾಸದ ಜಾಗದಲ್ಲಿ ಬರೀ ‘ಜಿಒವಿ ಡಾಟ್ ಇನ್’ ಎಂದು ಕೊಟ್ಟರೆ ಸರ್ಕಾರಿ ಪುಟಗಳು ಮಾತ್ರ ಬರುತ್ತವೆ. ಕೋಲನ್ ಪಕ್ಕ ಜಾಗ ಬಿಟ್ಟರೆ ಇದು ಕೆಲಸ ಮಾಡುವುದಿಲ್ಲ, ಹೊಸಬರು ಸೋಲುವುದು ಇಲ್ಲೇ.

ನಾಲ್ಕನೆಯದು ಕಾಲದ ಸೋಸಣಿಗೆ, ಕೊಡಗಿನಲ್ಲಿ ಇದು ಜೀವಕ್ಕೆ ಸಂಬಂಧಿಸಿದ್ದು. ಆಗಸ್ಟ್‌ನಲ್ಲಿ ‘ಮಡಿಕೇರಿ ಸಂಪಾಜೆ ರಸ್ತೆ ಬಂದ್’ ಎಂದು ಹುಡುಕಿದರೆ 2018ರ ಭೂಕುಸಿತದ ಸುದ್ದಿ, ಚಿತ್ರಗಳು ಇಂದಿನವೇ ಎಂಬಂತೆ ಮೇಲೆ ಬಂದು ನಿಲ್ಲುತ್ತವೆ. ಆ ವರ್ಷ ಅದರ ಬಗ್ಗೆ ಅಷ್ಟು ಬರೆದಿದ್ದರು, ಅಷ್ಟು ಕೊಂಡಿಗಳು ಹುಟ್ಟಿದ್ದವು, ಹಾಗಾಗಿ ಯಂತ್ರದ ಲೆಕ್ಕದಲ್ಲಿ ಅವೇ ತೂಕದ ಪುಟಗಳು. ಫಲಿತಾಂಶದ ಮೇಲಿರುವ ಪಟ್ಟಿಯನ್ನು ಕೊನೆಯವರೆಗೆ ಸರಿಸಿ ‘ಟೂಲ್ಸ್’ ಒತ್ತಿ, ‘ಯಾವುದೇ ಸಮಯ’ ಎಂಬುದನ್ನು ‘ಕಳೆದ 24 ಗಂಟೆ’ಗೆ ಬದಲಿಸಿ. ಹುತ್ತರಿಯ ದಿನ, ಮುಹೂರ್ತ ಹುಡುಕುವಾಗಲೂ ಹೀಗೇ ಮಾಡಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಪ್ರತಿವರ್ಷ ಹೊಸದಾಗಿ ನಿಗದಿಯಾಗುವ ದಿನಕ್ಕೆ ಹೋದ ವರ್ಷದ ಪುಟ ಉತ್ತರವಾಗದು.

ಮೇಲೆ ಬಂದದ್ದೆಲ್ಲ ಒಳ್ಳೆಯದಲ್ಲ

ಫಲಿತಾಂಶದ ತುದಿಯಲ್ಲಿ ‘ಪ್ರಾಯೋಜಿತ’ ಎಂದು ಸಣ್ಣಕ್ಷರದಲ್ಲಿ ಇದ್ದರೆ ಅದು ದುಡ್ಡು ಕೊಟ್ಟು ಬಂದ ಜಾಹೀರಾತು. ಬ್ಯಾಂಕ್, ಗ್ಯಾಸ್, ಕೊರಿಯರ್ ಕಂಪನಿಯ ಗ್ರಾಹಕ ಸೇವೆಯ ನಂಬರನ್ನು ಸರ್ಚ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ. ನಕಲಿ ನಂಬರ್ ಹಾಕಿ ಒಟಿಪಿ ಕೇಳುವವರು, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರು ಕಾದಿರುತ್ತಾರೆ. ನಂಬರನ್ನು ಪಾಸ್‌ಬುಕ್, ಕಾರ್ಡಿನ ಹಿಂಬದಿ, ಬಿಲ್ಲಿನಿಂದ ತೆಗೆದುಕೊಳ್ಳಿ. ಹೋಂಸ್ಟೇ ನಡೆಸುವವರು ತಿಂಗಳಿಗೊಮ್ಮೆ ತಮ್ಮ ಮನೆಯ ಹೆಸರನ್ನೇ ಹುಡುಕಿ ನೋಡುವುದು ಒಳ್ಳೆಯದು. ಬೇರೆ ಯಾರದೋ ಫೋನ್ ನಂಬರ್ ನಿಮ್ಮ ಫೋಟೋಗಳ ಜೊತೆ ಕಂಡರೆ ಮುಂಗಡ ಹಣದ ಮೋಸ ನಡೆಯುತ್ತಿದೆ ಎಂದೇ ತಿಳಿಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗೂಗಲ್ ಕಾಣದ ಕಡತಗಳು

ಪಹಣಿ ಬೇಕು ಎಂದರೆ ಸರ್ಚ್ ಎಂಜಿನ್ ನಿಮ್ಮನ್ನು ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಜೊತೆಗಿನ ಗುರುತು), ಹಿಸ್ಸಾ (ಅದರ ಉಪವಿಭಾಗ) ಕೊಟ್ಟ ಮೇಲೆಯೇ ಪಹಣಿ ತೆರೆದುಕೊಳ್ಳುವುದು. ಹೆಸರಿನಿಂದ ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಹಳೆಯ ಕಾಗದದಲ್ಲಿ ವಿರಾಜಪೇಟೆ ಅಥವಾ ಸೋಮವಾರಪೇಟೆ ತಾಲ್ಲೂಕು ಎಂದಿದ್ದು ಪಟ್ಟಿಯಲ್ಲಿ ಗ್ರಾಮ ಕಾಣದಿದ್ದರೆ ಪೊನ್ನಂಪೇಟೆ, ಕುಶಾಲನಗರ ತಾಲ್ಲೂಕುಗಳಲ್ಲಿ ನೋಡಿ. ಹೊಸ ತಾಲ್ಲೂಕುಗಳಾದ ಮೇಲೆ ಹೋಬಳಿಗಳು ಹಂಚಿಹೋಗಿವೆ. ಹಿಸ್ಸಾ ಸಂಖ್ಯೆ ತಪ್ಪಿದರೂ ‘ದಾಖಲೆ ಇಲ್ಲ’ ಎಂದೇ ಬರುತ್ತದೆ, ಗಾಬರಿಯಾಗುವ ಮುನ್ನ ಅದನ್ನು ಸರಿಮಾಡಿ.

ಹೈಕೋರ್ಟ್ ಪ್ರಕರಣದ ಸ್ಥಿತಿ, ಪರೀಕ್ಷೆಯ ಫಲಿತಾಂಶ, ರೈಲಿನ ಸೀಟು ಎಲ್ಲವೂ ಇದೇ ಜಾತಿಯವು. ಉತ್ತರ ಫಾರ್ಮ್‌ನ ಆಚೆ ಇದೆ.

ಸಂಶೋಧನೆಯ ಹುಡುಕಾಟ

ಕೊಡವ ಪಂಚಾಂಗದ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರಂದು ಕೊಡಗಿನ ಮನೆಗಳಲ್ಲಿ ಮದ್ದ್ ತೊಪ್ಪಿನ ಪಾಯಸ ಆಗುತ್ತದೆ. ಇದರ ಬಗ್ಗೆ ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಪಾಯಸ ಮಾಡುವ ಕ್ರಮ, ಹದಿನೆಂಟು ಬಗೆಯ ಔಷಧ ಸೇರಿರುವ ನಂಬಿಕೆ ಇಷ್ಟು ಸಿಗುತ್ತದೆ. ಯೂಟ್ಯೂಬ್‌ನಲ್ಲಿ ಸೊಪ್ಪು ಎಷ್ಟು ಹೊತ್ತು ಕುದಿಸಬೇಕು, ನೇರಳೆ ಬಣ್ಣ ಎಷ್ಟು ಗಾಢವಾಗಬೇಕು ಎಂಬುದನ್ನು ಕಣ್ಣಾರೆ ನೋಡಬಹುದು. ಕೈಕೆಲಸಕ್ಕೆ ವಿಡಿಯೋವೇ ಲೇಸು. ಅದರಲ್ಲಿ ನಿಜಕ್ಕೂ ಏನಿದೆ ಎಂದು ಪ್ರಯೋಗಾಲಯದವರು ನೋಡಿದ್ದಾರೆಯೇ ಎಂಬುದು ನಿಮ್ಮ ಪ್ರಶ್ನೆಯಾದರೆ ಗೂಗಲ್ ಸ್ಕಾಲರ್ ತೆರೆದು, ಸಸ್ಯದ ವೈಜ್ಞಾನಿಕ ಹೆಸರಾದ ‘ಜಸ್ಟೀಶಿಯಾ ವೈನಾಡೆನ್ಸಿಸ್’ ಅನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಸಂಶೋಧನಾ ಪ್ರಬಂಧಗಳು ಮಾತ್ರ ಬರುತ್ತವೆ. ಸಸ್ಯದ ವೈಜ್ಞಾನಿಕ ಹೆಸರು ಗೊತ್ತಿಲ್ಲದಿದ್ದರೆ ವಿಕಿಪೀಡಿಯದಲ್ಲಿ ಮೊದಲು ಅದನ್ನು ಹುಡುಕಿಕೊಳ್ಳಿ. ವಿಕಿಪೀಡಿಯದ ಅತ್ಯುತ್ತಮ ಉಪಯೋಗ ಇದೇ ಎನ್ನಬಹುದು, ಮುಂದಿನ ಹುಡುಕಾಟಕ್ಕೆ ಬೇಕಾದ ಸರಿಯಾದ ಪದ ಕೊಡುವುದು.

ಕಾಫಿ, ಏಲಕ್ಕಿ, ಮೆಣಸಿನ ವಿಷಯಕ್ಕಾದರೆ ಚೆಟ್ಟಳ್ಳಿಯಲ್ಲಿ ಉಪಕೇಂದ್ರವಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಅಪ್ಪಂಗಳದಲ್ಲಿ ಪ್ರಾದೇಶಿಕ ಕೇಂದ್ರವಿರುವ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಇವುಗಳ ಜಾಲತಾಣಗಳೊಳಗೆ ಹುಡುಕಿ. ಮೇಲೆ ಹೇಳಿದ ಕೋಲನ್ ಉಪಾಯ ಇಲ್ಲಿ ಕೈಹಿಡಿಯುತ್ತದೆ.

ಜಾಲತಾಣ ಹೊಸದಾದಾಗ ಹಳೆಯ ಕೊಂಡಿಗಳು ಒಡೆಯುತ್ತವೆ. ಆಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಆ ಒಡೆದ ವಿಳಾಸವನ್ನೇ ಅಂಟಿಸಿ, ಹಿಂದಿನ ದಿನಾಂಕವೊಂದನ್ನು ಆರಿಸಿದರೆ ಪುಟ ಎದ್ದು ಬರುವ ಸಾಧ್ಯತೆ ಇದೆ. ಗೂಗಲ್ ತಾನು ಇಟ್ಟುಕೊಂಡ ಪುಟದ ಪ್ರತಿಯನ್ನು ತೋರಿಸುವುದನ್ನು 2024ರಲ್ಲಿ ನಿಲ್ಲಿಸಿದ ಮೇಲೆ ಇದರ ಬೆಲೆ ಇನ್ನೂ ಹೆಚ್ಚಿದೆ.

ಎಐಗೆ ಕೇಳುವುದು

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ಜೆಮಿನೈ, ಕೋಪೈಲಟ್, ಪರ್ಪ್ಲೆಕ್ಸಿಟಿ ಈಗ ಎಲ್ಲರ ಕೈಯಲ್ಲಿವೆ. ಇವು ಪುಟಗಳ ಪಟ್ಟಿ ಕೊಡದೆ ನೇರ ಉತ್ತರ ಬರೆಯುತ್ತವೆ. ಇಲ್ಲಿ ಹೊಸಬರು ಗಮನಿಸಬೇಕಾದ ವ್ಯತ್ಯಾಸ ಒಂದಿದೆ: ಉತ್ತರ ತನ್ನ ತರಬೇತಿಯ ನೆನಪಿನಿಂದ ಬಂದದ್ದೋ, ಆ ಕ್ಷಣ ವೆಬ್‌ನಲ್ಲಿ ಹುಡುಕಿ ಬಂದದ್ದೋ? ಹುಡುಕಿ ಬಂದದ್ದಾದರೆ ಸಾಮಾನ್ಯವಾಗಿ ವಾಕ್ಯದ ಪಕ್ಕ ಮೂಲದ ಕೊಂಡಿ ಇರುತ್ತದೆ. ಕೊಂಡಿ ಇಲ್ಲದ ಅಂಕಿಯನ್ನು ಕೆಲಸಕ್ಕೆ ಹಚ್ಚಬೇಡಿ.

ಮೆಣಸಿನ ತೋಟದವರಿಗೆ ಗೊತ್ತಿರುವ ಉದಾಹರಣೆಯನ್ನೇ ನೋಡಿ. ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ಅದೇ 1 ಕೆ.ಜಿ., 1 ಕೆ.ಜಿ.ಗೆ 10 ಲೀಟರ್ ನೀರು ಹಾಕಿದರೆ ಅದು ಬೋರ್ಡೋ ಮುಲಾಮು, ಕಾಂಡಕ್ಕೆ ಹಚ್ಚುವಂಥದ್ದು. ಎರಡೂ ನಿಜವಾದ ಪ್ರಮಾಣಗಳೇ. ಎಐ ಎರಡು ಪುಟಗಳನ್ನು ಒಂದಾಗಿ ಬೆರೆಸಿ, ಸಿಂಪಡಿಸಲು 10 ಲೀಟರ್ ಎಂದು ಬರೆದರೆ ಹತ್ತು ಪಟ್ಟು ಗಾಢವಾದ ದ್ರಾವಣ ಎಲೆಯ ಮೇಲೆ ಬೀಳುತ್ತದೆ. ಭಾಷೆ ಎಷ್ಟು ನಯವಾಗಿದ್ದರೂ ಆ ತಪ್ಪು ವಾಕ್ಯದಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರಮಾಣ, ದಿನಾಂಕ, ದರ, ಔಷಧದ ಡೋಸ್, ಕಾನೂನಿನ ಕಲಂ ಈ ಐದನ್ನು ಎಐ ಹೇಳಿದಾಗ ಕೊಂಡಿ ಒತ್ತಿ ಮೂಲಪುಟದಲ್ಲಿ ಆ ಅಂಕಿಯನ್ನು ಕಣ್ಣಾರೆ ಓದಿ. ದ್ರಾವಣ ಆದಮೇಲೂ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ.

ಇಲ್ಲಿ ಕೇಳುವ ಕ್ರಮವೂ ತಿರುಗುಮುರುಗು. ಗೂಗಲ್‌ಗೆ ನಾಲ್ಕು ಪದ ಸಾಕು ಎಂದೆವು, ಎಐಗೆ ಪೂರ್ತಿ ವಾಕ್ಯ ಬೇಕು: ‘ಕೊಡಗಿನಲ್ಲಿ ಮಳೆಗಾಲಕ್ಕೆ ಮುಂಚೆ ಕರಿಮೆಣಸಿನ ಬಳ್ಳಿಗೆ ಸಿಂಪಡಿಸಲು ಶೇ 1ರ ಬೋರ್ಡೋ ದ್ರಾವಣ 100 ಲೀಟರ್ ತಯಾರಿಸುವ ಕ್ರಮ ಹೇಳಿ, ಮೂಲ ಪುಟಗಳ ಕೊಂಡಿ ಕೊಡಿ.’ ಊರು, ಕಾಲ, ಬೆಳೆ, ಪ್ರಮಾಣ ಎಷ್ಟು ಹೇಳಿದರೆ ಉತ್ತರ ಅಷ್ಟು ಹತ್ತಿರ ಬರುತ್ತದೆ.

ಎಐಯನ್ನು ದೂರ ಇಡಿ ಎಂಬುದು ನಮ್ಮ ಅಭಿಪ್ರಾಯವಲ್ಲ. ಇಂಗ್ಲಿಷಿನ ಹತ್ತು ಪುಟದ ಕೈಪಿಡಿಯನ್ನು ಕನ್ನಡದಲ್ಲಿ ತಿಳಿಯುವಂತೆ ಹೇಳಿಸಿಕೊಳ್ಳಲು, ತಹಶೀಲ್ದಾರರಿಗೆ ಅರ್ಜಿ ಬರೆಸಲು, ರೋಗದ ಲಕ್ಷಣ ಹೇಳಿ ಅದರ ಹೆಸರು ಏನಿರಬಹುದು ಎಂದು ಕೇಳಲು ಅದಕ್ಕಿಂತ ಅನುಕೂಲದ್ದು ಇಲ್ಲ. ಅರ್ಜಿಗೆ ಆಧಾರ್ ನಂಬರ್, ಖಾತೆ ನಂಬರ್ ಹಾಕಿ ಕೊಡಬೇಡಿ, ಆ ಜಾಗ ಖಾಲಿ ಬಿಟ್ಟು ಆಮೇಲೆ ಕೈಯಲ್ಲಿ ತುಂಬಿ. ಕೊಡವ ತಕ್ಕ್, ಅರೆಭಾಷೆ, ಒಕ್ಕಗಳ ಇತಿಹಾಸ, ಐನ್‌ಮನೆಯ ಪದ್ಧತಿ ಇಂಥ ವಿಷಯದಲ್ಲಿ ಮಾತ್ರ ಅದರ ಮಾತನ್ನು ನಂಬಬೇಡಿ. ವೆಬ್‌ನಲ್ಲಿ ಅದಕ್ಕೆ ಓದಲು ಸಿಕ್ಕಿರುವುದೇ ತೀರಾ ಕಡಿಮೆ, ಇಲ್ಲದ್ದನ್ನು ಕಟ್ಟಿ ಹೇಳುತ್ತದೆ. ಅದಕ್ಕೆ ಮನೆಯ ಹಿರಿಯರೇ ಸರಿ.

ಚಿತ್ರ ಕೊಟ್ಟು ಹುಡುಕುವುದು

ಗೂಗಲ್ ಲೆನ್ಸ್‌ಗೆ ಕಾಫಿ ಎಲೆಯ ಫೋಟೋ ಕೊಡುವಾಗ ಎಲೆಯ ಮೇಲ್ಭಾಗ, ಕೆಳಭಾಗ ಎರಡನ್ನೂ ಹಗಲು ಬೆಳಕಿನಲ್ಲಿ, ಒಂದೇ ಎಲೆ ಇರುವಂತೆ ತೆಗೆಯಿರಿ. ಎಲೆತುಕ್ಕಿನ ಕಿತ್ತಳೆ ಪುಡಿ ಇರುವುದು ಎಲೆಯ ಅಡಿಯಲ್ಲಿ. ಮೇಲಿನಿಂದ ತೆಗೆದ ಫೋಟೋದಲ್ಲಿ ಬರೀ ಹಳದಿ ಚುಕ್ಕೆ ಕಂಡು ಏನೇನೋ ಹೆಸರು ಬರುತ್ತದೆ. ಬಂದ ಹೆಸರನ್ನು ತೀರ್ಪೆಂದು ತಿಳಿಯದೆ ಮುಂದಿನ ಹುಡುಕಾಟದ ಪದವಾಗಿ ಬಳಸಿ. ಮಳೆಗಾಲದ ಕಾಡು ಅಣಬೆಯನ್ನು ಫೋಟೋ ನೋಡಿ ಹೇಳಿದ ಹೆಸರಿನ ಮೇಲೆ ಎಂದೂ ತಿನ್ನಬೇಡಿ. ವಿಷದ್ದಕ್ಕೂ ತಿನ್ನುವುದಕ್ಕೂ ಇರುವ ವ್ಯತ್ಯಾಸ ಬುಡದಲ್ಲೋ ಟೊಪ್ಪಿಗೆಯ ಅಡಿಯಲ್ಲೋ ಇದ್ದು ಚಿತ್ರಕ್ಕೆ ಸಿಕ್ಕಿರುವುದಿಲ್ಲ.

ನೆಟ್‌ವರ್ಕ್ ಹೋದಾಗ

ಜೂನ್‌ನಿಂದ ಕರೆಂಟು, ಟವರ್ ಎರಡೂ ಕೈಕೊಡುವ ಊರುಗಳಲ್ಲಿ ಹುಡುಕಾಟ ಮೇ ತಿಂಗಳಲ್ಲೇ ಆಗಬೇಕು. ಬೇಕಾದ ಪುಟ ಸಿಕ್ಕಾಗ ಬ್ರೌಸರಿನ ಮೂರು ಚುಕ್ಕಿಯಲ್ಲಿ ಡೌನ್‌ಲೋಡ್ ಗುರುತು ಒತ್ತಿ ಉಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ಚೌಕಟ್ಟನ್ನು ಸುಳ್ಯದಿಂದ ಹುಣಸೂರಿನವರೆಗೆ ಎಳೆದು ಇಳಿಸಿಕೊಂಡರೆ ಇಡೀ ಜಿಲ್ಲೆ ಫೋನಿನಲ್ಲಿರುತ್ತದೆ. ವಾಹನದ ದಾರಿ ಆಫ್‌ಲೈನ್‌ನಲ್ಲಿ ಸಿಗುತ್ತದೆ, ಕಾಲ್ನಡಿಗೆಯದು ಸಿಗುವುದಿಲ್ಲ. ಬರೆ ಕುಸಿದು ರಸ್ತೆ ಮುಚ್ಚಿದ್ದು ಅದಕ್ಕೆ ತಿಳಿಯುವುದಿಲ್ಲವಾದ್ದರಿಂದ, ಹೊರಡುವ ಮುಂಚೆ ಆ ಕಡೆಯಿಂದ ಬಂದವರನ್ನೋ ಪೊಲೀಸ್ ಠಾಣೆಯನ್ನೋ ಕೇಳಿಕೊಂಡೇ ಹೊರಡಿ.